ಲಕ್ಷಣ ಮತ್ತು ಲಕ್ಷ್ಯ: ಸಲ್ಲೇಖನದ ನಿಮಿತ್ತ ಒಂದು ಚಿಂತನೆ

ಲೋಕದ ವ್ಯವಹಾರವೆಲ್ಲ ಶಬ್ದವನ್ನು ಆಶ್ರಯಿಸಿದೆ. ಶಬ್ದವಿಲ್ಲದೆ ಉಪದೇಶವಿಲ್ಲ, ವ್ರತವಿಲ್ಲ, ವಾದವಿಲ್ಲ, ನ್ಯಾಯತೀರ್ಪೂ ಇಲ್ಲ. ಆದರೆ ಶಬ್ದವು ಒಂದೇ ಆಗಿದ್ದರೂ ಅದರ ಅರ್ಥವು ಶಾಸ್ತ್ರದಿಂದ ಶಾಸ್ತ್ರಕ್ಕೆ ಬೇರೆಯಾಗುತ್ತದೆಂಬುದನ್ನು ವಿದ್ಯಾರ್ಥಿಯಾದವನು ಬಹುಬೇಗ ಅರಿಯುತ್ತಾನೆ. ‘ಗುಣ’ ಎಂದರೆ ವೈಯಾಕರಣನಿಗೆ ಅ, ಏ, ಓ ಎಂಬ ಸ್ವರಗಳ ಸಂಜ್ಞೆ. ಸಾಂಖ್ಯನಿಗೆ ಸತ್ತ್ವ, ರಜಸ್ಸು, ತಮಸ್ಸು. ಗಣಿತಜ್ಞನಿಗೆ ಒಂದು ಸಂಖ್ಯೆಯನ್ನು ಇನ್ನೊಂದರಿಂದ ಹೆಚ್ಚಿಸುವ ಕ್ರಿಯೆ. ಜೈನ ದಾರ್ಶನಿಕನಿಗೆ ದ್ರವ್ಯವನ್ನು ಎಂದಿಗೂ ಬಿಡದೆ ಅದರಲ್ಲಿ ನೆಲೆಸಿರುವ ಸ್ವಭಾವ. ‘ಪುದ್ಗಲ’ವೆಂದರೆ ಜಿನಾಗಮದಲ್ಲಿ ಸ್ಪರ್ಶ, ರಸ, ಗಂಧ, ವರ್ಣಗಳುಳ್ಳ ಜಡದ್ರವ್ಯ, ಬೌದ್ಧರಲ್ಲಿ ಅದೇ ಶಬ್ದ ವ್ಯಕ್ತಿಯನ್ನು ಹೇಳುತ್ತದೆ. ‘ಧರ್ಮ’ವು ಜನರ ಮಾತಿನಲ್ಲಿ ದಾನವೂ ಹೌದು, ಕರ್ತವ್ಯವೂ ಹೌದು, ಮತವೂ ಹೌದು, ಷಡ್‌ದ್ರವ್ಯಗಳ ಪ್ರಕರಣದಲ್ಲಿ ಮಾತ್ರ ಅದು ಮೀನಿಗೆ ನೀರಿನಂತೆ ಜೀವ-ಪುದ್ಗಲಗಳ ಚಲನೆಗೆ ಉದಾಸೀನ ಸಹಾಯಕವಾದ ಒಂದು ದ್ರವ್ಯ.

ಇಂತಹ ಭೇದಗಳಿಂದ ಯಾರಿಗೂ ಹಾನಿಯಿಲ್ಲ. ಪ್ರಕರಣವನ್ನು ನೋಡಿ ಅರ್ಥಮಾಡಿಕೊಂಡರೆ ಗೊಂದಲ ತೀರುತ್ತದೆ. ಆದರೆ ಕೆಲವು ಶಬ್ದಗಳ ಸ್ಥಿತಿ ಹಾಗಲ್ಲ. ಅವುಗಳ ಲಕ್ಷಣವನ್ನು ಯಾರು, ಯಾವ ಶಾಸ್ತ್ರದಿಂದ ತಂದರು ಎಂಬುದರ ಮೇಲೆ ಮನುಷ್ಯನೊಬ್ಬನ ಅಂತ್ಯಕಾಲದ ಗೌರವ, ಅವನ ಮನೆಯವರ ನೆಮ್ಮದಿ, ರಾಜ್ಯದ ದಂಡನೆ ಎಲ್ಲವೂ ನಿಂತಿರುತ್ತವೆ. ‘ಸಲ್ಲೇಖನ’ವು ಅಂತಹ ಶಬ್ದ. ‘ಆತ್ಮಹತ್ಯೆ’ಯೂ ಅಂತಹ ಶಬ್ದ. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ವಿದ್ವಾಂಸರು ನೂರಾರು ವರ್ಷಗಳಿಂದ ವಿಚಾರ ಮಾಡಿದ್ದಾರೆ. ಆ ವಿಚಾರದ ದಾರಿಯನ್ನು ಅರಿತುಕೊಳ್ಳುವುದು ಶ್ರಾವಕ ಸಮಾಜಕ್ಕೆ ಪಾಂಡಿತ್ಯದ ವಿಲಾಸವಲ್ಲ, ಆಚರಣೆಯ ಅಗತ್ಯ.

ಲಕ್ಷಣವೆಂದರೇನು?

ಯಾವುದೇ ಶಬ್ದದ ಲಕ್ಷಣವನ್ನು ಪರೀಕ್ಷಿಸುವ ಮೊದಲು ಲಕ್ಷಣವೆಂದರೆ ಏನೆಂಬುದನ್ನು ತಿಳಿಯಬೇಕು. ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ವಿಜಯನಗರ ಕಾಲದ ಅಭಿನವ ಧರ್ಮಭೂಷಣ ಯತಿಗಳು ತಮ್ಮ ‘ನ್ಯಾಯದೀಪಿಕೆ’ಯಲ್ಲಿ ಕೊಟ್ಟಿದ್ದಾರೆ. ಒಂದರೊಡನೊಂದು ಬೆರೆತುಕೊಂಡಿರುವ ವಸ್ತುಗಳಲ್ಲಿ ಒಂದನ್ನು ಉಳಿದವುಗಳಿಂದ ಬೇರ್ಪಡಿಸಿ ತೋರಿಸುವುದೇ ಲಕ್ಷಣ ಎಂಬುದು ಅವರ ಅಭಿಪ್ರಾಯ. ಶಾಸ್ತ್ರದ ನಡೆಗೆ ಅವರು ಮೂರು ಹೆಜ್ಜೆಗಳನ್ನು ಹೇಳುತ್ತಾರೆ: ಮೊದಲು ವಸ್ತುವನ್ನು ಹೆಸರಿಸುವ ಉದ್ದೇಶ, ಅನಂತರ ಲಕ್ಷಣನಿರ್ದೇಶ, ಕೊನೆಗೆ ಆ ಲಕ್ಷಣವು ಸರಿಯೋ ತಪ್ಪೋ ಎಂಬ ಪರೀಕ್ಷೆ. ಹೆಸರಿಟ್ಟ ಮಾತ್ರಕ್ಕೆ ಲಕ್ಷಣವಾಗಲಿಲ್ಲ. ಲಕ್ಷಣ ಹೇಳಿದ ಮಾತ್ರಕ್ಕೆ ಪರೀಕ್ಷೆ ಮುಗಿಯಲಿಲ್ಲ.

ಲಕ್ಷಣದಲ್ಲಿಯೂ ಎರಡು ಬಗೆ. ಬೆಂಕಿಗೆ ಉಷ್ಣತೆಯಂತೆ ವಸ್ತುವಿನ ಸ್ವರೂಪದಲ್ಲಿಯೇ ಸೇರಿರುವುದು ಆತ್ಮಭೂತ ಲಕ್ಷಣ. ಕೋಲು ಹಿಡಿದ ಮನುಷ್ಯನನ್ನು ಕೋಲಿನಿಂದ ಗುರುತಿಸಿದಂತೆ ಹೊರಗಿನಿಂದ ಬಂದು ಸೇರಿದ್ದು ಅನಾತ್ಮಭೂತ ಲಕ್ಷಣ. ಇನ್ನು ಲಕ್ಷಣದಂತೆ ತೋರಿದರೂ ಲಕ್ಷಣವಲ್ಲದ ದೋಷಗಳು ಮೂರು. ಹಸುವೆಂದರೆ ಚುಕ್ಕೆ ಬಣ್ಣದ್ದು ಎಂದರೆ ಬೇರೆ ಬಣ್ಣದ ಹಸುಗಳು ಬಿಟ್ಟುಹೋಗುತ್ತವೆ, ಇದು ಅವ್ಯಾಪ್ತಿ. ಹಸುವೆಂದರೆ ಪಶು ಎಂದರೆ ಎಮ್ಮೆ, ಕುದುರೆಗಳೂ ಒಳಗೆ ಬರುತ್ತವೆ, ಇದು ಅತಿವ್ಯಾಪ್ತಿ. ಮನುಷ್ಯನೆಂದರೆ ಕೊಂಬುಳ್ಳವನು ಎಂದರೆ ಅದು ಎಲ್ಲಿಯೂ ಹೊಂದುವುದಿಲ್ಲ, ಇದು ಅಸಂಭವ. ತರ್ಕದ ಪ್ರಥಮ ಪಾಠವಾದ ಈ ಮೂರು ದೋಷಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರವೆಲ್ಲ ಸುಲಭವಾಗುತ್ತದೆ.

ಒಂದು ಮನೆ, ನಾಲ್ಕು ನುಡಿ

ಹಾಸನ ಸೀಮೆಯದೋ ತುಳುನಾಡಿನದೋ ಒಂದು ಶ್ರಾವಕರ ಮನೆಯನ್ನು ಊಹಿಸಿಕೊಳ್ಳಬಹುದು. ಮನೆಯ ಹಿರಿಯಳಾದ ಅಜ್ಜಿಗೆ ಎಂಬತ್ತಾರು ವರ್ಷ. ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತಿವೆ. ಇನ್ನು ಪರಿಹಾರವಿಲ್ಲವೆಂದು ವೈದ್ಯರು ಹೇಳಿದ್ದಾರೆ. ಜೀವಮಾನವಿಡೀ ಅಷ್ಟಮಿ, ಚತುರ್ದಶಿಗಳ ಉಪವಾಸ ಮಾಡಿದ ಆಕೆ ಒಂದು ದಿನ ಮಗನನ್ನು ಕರೆದು, “ಮಗಾ, ಇನ್ನು ಆಹಾರ ಸಾಕು. ಗುರುಗಳನ್ನು ಬರಮಾಡಿಸಿಕೊಂಡು ಬಾ” ಎನ್ನುತ್ತಾಳೆ. ವೈದ್ಯರು ತಮ್ಮ ಪತ್ರದಲ್ಲಿ ‘ರೋಗಿಯು ಆಹಾರ ನಿರಾಕರಿಸುತ್ತಿದ್ದಾರೆ’ ಎಂದು ಬರೆಯುತ್ತಾರೆ. ವಕೀಲನಾದ ಮೊಮ್ಮಗ, “ಅಪ್ಪಾ, ನಾಳೆ ಯಾರಾದರೂ ದೂರು ಕೊಟ್ಟರೆ ಪ್ರೇರಣೆಯ ಆರೋಪ ನಿಮ್ಮ ಮೇಲೆ ಬಂದೀತು” ಎಂದು ಕಳವಳಪಡುತ್ತಾನೆ. ಕಾಲೇಜಿನಲ್ಲಿ ಓದುವ ಮೊಮ್ಮಗಳು, “ಅಜ್ಜಿಗೆ ಜೀವನ ಬೇಸರವಾಗಿದೆಯೇ? ಮನಸ್ಸಿನ ವೈದ್ಯರಿಗೆ ತೋರಿಸಬೇಕಲ್ಲವೇ?” ಎಂದು ಕೇಳುತ್ತಾಳೆ. ಗುರುಗಳು ಬಂದವರು ಏನನ್ನೂ ಹೇಳದೆ ಅಜ್ಜಿಯ ಬಳಿ ಬಹಳ ಹೊತ್ತು ಕುಳಿತು ಮಾತನಾಡಿಸುತ್ತಾರೆ.

ಇವರಲ್ಲಿ ಅಪ್ರಾಮಾಣಿಕರು ಯಾರೂ ಇಲ್ಲ. ಒಬ್ಬೊಬ್ಬರೂ ತಾವು ಕಲಿತ ಶಾಸ್ತ್ರದ ಲಕ್ಷಣದಿಂದ ಒಂದೇ ಕ್ರಿಯೆಯನ್ನು ನೋಡುತ್ತಿದ್ದಾರೆ. ಆ ಶಾಸ್ತ್ರಗಳು ತಮ್ಮ ಲಕ್ಷಣವನ್ನು ಹೇಗೆ ಕಟ್ಟಿಕೊಂಡವು ಎಂಬುದನ್ನು ಒಂದೊಂದಾಗಿ ನೋಡಬೇಕು.

ಸಮಾಜಶಾಸ್ತ್ರ ಮತ್ತು ಮನಶ್ಶಾಸ್ತ್ರದ ಲಕ್ಷಣಗಳು

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೀಮ್ 1897ರಲ್ಲಿ ಆತ್ಮಹತ್ಯೆಯನ್ನೇ ವಿಷಯವಾಗಿಟ್ಟುಕೊಂಡು ಒಂದು ಗ್ರಂಥವನ್ನು ಪ್ರಕಟಿಸಿದನು. ಯೂರೋಪಿನ ರಾಜ್ಯಗಳ ಮರಣಗಣನೆಯ ಅಂಕಿಗಳನ್ನು ಹೋಲಿಸಿ, ಆತ್ಮಹತ್ಯೆಯ ಹೆಚ್ಚುಕಡಿಮೆಗಳಿಗೆ ಸಮಾಜದಲ್ಲಿಯೇ ಕಾರಣವಿದೆಯೆಂದು ತೋರಿಸುವುದು ಅವನ ಗುರಿ. ಅದಕ್ಕಾಗಿ ಅವನು ಮೊಟ್ಟಮೊದಲು ಲಕ್ಷಣವನ್ನು ನಿಶ್ಚಯಿಸಿದನು: ಮಡಿದವನು ತಾನೇ ಮಾಡಿದ ಅಥವಾ ಮಾಡದೆ ಬಿಟ್ಟ ಕ್ರಿಯೆಯಿಂದ, ನೇರವಾಗಿಯೋ ಪರೋಕ್ಷವಾಗಿಯೋ, ಮರಣ ಬರುವುದೆಂದು ತಿಳಿದೇ ಉಂಟಾದ ಮರಣವೆಲ್ಲ ಆತ್ಮಹತ್ಯೆ. ಇಲ್ಲಿ ‘ತಿಳಿದು’ ಎಂಬ ಮಾತಿದೆ. ‘ಬಯಸಿ’ ಎಂಬ ಮಾತಿಲ್ಲ. ಇದು ಮರೆವಿನಿಂದ ಆದದ್ದಲ್ಲ. ಮನುಷ್ಯನ ಅಂತರಂಗದ ಉದ್ದೇಶವನ್ನು ಹೊರಗಿನವರು ನೋಡಲಾರರು, ನೋಡಲಾರದ್ದನ್ನು ಎಣಿಸಲಾಗದು ಎಂದು ಅವನು ಬುದ್ಧಿಪೂರ್ವಕವಾಗಿಯೇ ಉದ್ದೇಶವನ್ನು ಲಕ್ಷಣದಿಂದ ಹೊರಗಿಟ್ಟನು.

ಇದರ ಫಲವೇನಾಯಿತು? ತನ್ನ ಪಡೆಯನ್ನು ಉಳಿಸಲು ಖಚಿತವಾದ ಸಾವಿಗೆ ಎದುರಾಗುವ ಸೈನಿಕ, ಮತನಿಷ್ಠೆಗಾಗಿ ಮಡಿಯುವವನು, ಮಗುವಿಗಾಗಿ ಪ್ರಾಣ ಕೊಡುವ ತಾಯಿ ಇವರೆಲ್ಲರೂ ಅದೇ ಲಕ್ಷಣದೊಳಗೆ ಬಂದರು. ಡರ್ಖೀಮನು ಇದನ್ನು ಕಂಡು ಹಿಂಜರಿಯಲಿಲ್ಲ; ಒಪ್ಪಿಕೊಂಡೇ ಮುಂದುವರಿದನು. ಪರಾರ್ಥಪರವೆಂದು ಅವನು ಕರೆದ ಆತ್ಮಹತ್ಯೆಯ ಪ್ರಭೇದದಲ್ಲಿ ಭಾರತದ ಜೈನರ ಹೆಸರೂ ಬಂದಿತು. ದಕ್ಷಿಣದ ಜೈನರ ದೇವಾಲಯಗಳ ಶಾಸನಗಳು ಆಹಾರತ್ಯಾಗದಿಂದ ಮಡಿದವರನ್ನು ಹೇಳುತ್ತವೆಂದು ಇತರರ ಗ್ರಂಥದಿಂದ ತಿಳಿದು ಅವನು ಬರೆದನು. ಶ್ರವಣಬೆಳ್ಗೊಳದಂತಹ ಕ್ಷೇತ್ರಗಳಲ್ಲಿ ಭಕ್ತಿಯಿಂದ ಕೆತ್ತಿಸಿದ ನಿಷಿಧಿ ಶಾಸನಗಳ ಸುದ್ದಿ ಹೀಗೆ ಪ್ಯಾರಿಸಿನ ಗ್ರಂಥದಲ್ಲಿ ಆತ್ಮಹತ್ಯೆಗೆ ಸಾಕ್ಷ್ಯವಾಯಿತು. ಕಲ್ಲಿನ ಮೇಲಿನ ಅಕ್ಷರ ಬದಲಾಗಲಿಲ್ಲ. ಅದನ್ನು ಇರಿಸಿದ ವರ್ಗ ಬದಲಾಯಿತು.

ಡರ್ಖೀಮನನ್ನು ದ್ವೇಷಿಯೆಂದು ಕರೆಯುವುದು ನ್ಯಾಯವಲ್ಲ. ಅಂಕಿಗಳನ್ನು ಹೋಲಿಸುವ ಕೆಲಸಕ್ಕೆ ಅವನ ಲಕ್ಷಣ ತಕ್ಕದ್ದೇ. ಆದರೆ ಅದು ಕೋಲಿನಿಂದ ಮನುಷ್ಯನನ್ನು ಗುರುತಿಸುವ ಅನಾತ್ಮಭೂತ ಲಕ್ಷಣ. ಅದರಿಂದ ಒಂದು ಮರಣವು ಯಾವ ಪಟ್ಟಿಗೆ ಸೇರುತ್ತದೆ ಎಂದು ಹೇಳಬಹುದು. ಅದು ಪುಣ್ಯವೋ ಪಾಪವೋ, ದಂಡ್ಯವೋ ಅದಂಡ್ಯವೋ ಎಂದು ಹೇಳಲಾಗದು. ಎಣಿಕೆಗಾಗಿ ಮಾಡಿದ ಲಕ್ಷಣವನ್ನು ತೀರ್ಪಿಗಾಗಿ ಎತ್ತಿಕೊಂಡಾಗ ಮಾತ್ರ ಅತಿವ್ಯಾಪ್ತಿ ದೋಷವಾಗುತ್ತದೆ.

ಮನಶ್ಶಾಸ್ತ್ರವು ಬೇರೆ ದಾರಿ ಹಿಡಿಯಿತು. ಅಮೆರಿಕದ ಎಡ್ವಿನ್ ಶ್ನೈಡ್‌ಮನ್ ಆತ್ಮಹತ್ಯೆಯನ್ನು ತಡೆಯುವ ಕಾರ್ಯದಲ್ಲಿ ಜೀವಮಾನವನ್ನೇ ಸವೆಸಿದ ವಿದ್ವಾಂಸ. 1985ರಲ್ಲಿ ಅವನು ಈ ಲಕ್ಷಣದ ಪ್ರಶ್ನೆಗಾಗಿಯೇ ಒಂದು ಗ್ರಂಥವನ್ನು ಬರೆದನು. ಡರ್ಖೀಮನು ಹೊರಗಿಟ್ಟ ಅಂತರಂಗವನ್ನೇ ಅವನು ಒಳಗೆ ತಂದನು. ಸಹಿಸಲಾಗದ ಮನೋವೇದನೆ ಅದರ ಪ್ರೇರಕ. ಆ ವೇದನೆಯನ್ನು ಅನುಭವಿಸುವ ಪ್ರಜ್ಞೆಯನ್ನೇ ನಿಲ್ಲಿಸಿಬಿಡುವುದು ಅದರ ಗುರಿ. ಬೇರೆ ದಾರಿಯೇ ಕಾಣದಂತೆ ಮನಸ್ಸು ಇಕ್ಕಟ್ಟಾಗುವುದು ಅದರ ಸ್ಥಿತಿ ಎಂಬುದು ಅವನ ನಿರ್ಣಯದ ಸಾರ. ರೋಗಿಯನ್ನು ಉಳಿಸಬೇಕಾದ ವೈದ್ಯನಿಗೆ ಈ ಲಕ್ಷಣವೇ ಬೇಕು, ಏಕೆಂದರೆ ವೇದನೆಯನ್ನು ತಿಳಿದರೆ ಮಾತ್ರ ಅದನ್ನು ಕಡಿಮೆ ಮಾಡಬಹುದು. ಹಾಗಾಗಿ ಅಜ್ಜಿಯ ಬಗ್ಗೆ ಮೊಮ್ಮಗಳು ಕೇಳಿದ ಪ್ರಶ್ನೆ ಅವಿನಯವಲ್ಲ, ಕೇಳಲೇಬೇಕಾದ ಪ್ರಶ್ನೆ. ಉಪಶಾಮಕ ಚಿಕಿತ್ಸೆಯ ವೈದ್ಯರಲ್ಲಿಯೂ, ಮರಣ ಸಮೀಪಿಸಿದವರು ತಾವಾಗಿ ಅನ್ನಜಲಗಳನ್ನು ನಿಲ್ಲಿಸುವುದನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬ ಚರ್ಚೆ ನಡೆದೇ ಇದೆ.

ಆಚಾರ್ಯರ ಲಕ್ಷಣ

ಈ ಚರ್ಚೆಯನ್ನು ಜೈನಾಚಾರ್ಯರು ಬಹು ಹಿಂದೆಯೇ ಎದುರಿಸಿದ್ದರು. ಪೂಜ್ಯಪಾದರು ತತ್ತ್ವಾರ್ಥಸೂತ್ರದ ಮೇಲಿನ ‘ಸರ್ವಾರ್ಥಸಿದ್ಧಿ’ಯಲ್ಲಿ ಪೂರ್ವಪಕ್ಷವನ್ನು ತಾವೇ ಎತ್ತುತ್ತಾರೆ: ಬುದ್ಧಿಪೂರ್ವಕವಾಗಿ ಆಯುಸ್ಸನ್ನು ತ್ಯಜಿಸುವ ಸಲ್ಲೇಖನವು ಆತ್ಮವಧೆಯಲ್ಲವೇ? ಅವರ ಉತ್ತರವು ಹಿಂಸೆಯ ಲಕ್ಷಣವನ್ನು ಅವಲಂಬಿಸಿದೆ. ಜಿನಾಗಮದಲ್ಲಿ ಪ್ರಾಣವಿಯೋಗ ಮಾತ್ರವೇ ಹಿಂಸೆಯಲ್ಲ. ಪ್ರಮಾದದಿಂದ, ಅಂದರೆ ಕಷಾಯದಿಂದ ಕೂಡಿದ ಯೋಗದಿಂದ ಆದ ಪ್ರಾಣವಿಯೋಗವೇ ಹಿಂಸೆ. ರಾಗ, ದ್ವೇಷ, ಮೋಹಗಳಿಗೆ ವಶನಾಗಿ ವಿಷವನ್ನೋ ಶಸ್ತ್ರವನ್ನೋ ಹಿಡಿದವನು ಆತ್ಮಘಾತಿ. ಸಲ್ಲೇಖನವನ್ನು ಕೈಗೊಂಡವನಲ್ಲಿ ಆ ರಾಗಾದಿಗಳೇ ಇಲ್ಲದ ಕಾರಣ ಅದು ಆತ್ಮವಧೆಯಲ್ಲ. ಇದಕ್ಕೆ ಅವರು ಕೊಡುವ ದೃಷ್ಟಾಂತವು ವ್ಯಾಪಾರ ವೃತ್ತಿಯ ಶ್ರಾವಕರಿಗೆ ಒಡನೆ ಮನಮುಟ್ಟುವಂಥದು. ಬೆಲೆಬಾಳುವ ಸರಕು ತುಂಬಿದ ತನ್ನ ಮನೆ ನಾಶವಾಗುವುದನ್ನು ಯಾವ ವರ್ತಕನೂ ಬಯಸುವುದಿಲ್ಲ. ಅಪಾಯ ಬಂದರೆ ಶಕ್ತಿಮೀರಿ ತಡೆಯುತ್ತಾನೆ. ತಡೆಯಲಾಗದೆಂದು ಖಚಿತವಾದಾಗ ಮಾತ್ರ ಮನೆಯನ್ನು ಬಿಟ್ಟು ಸರಕನ್ನು ಉಳಿಸುತ್ತಾನೆ. ಇಲ್ಲಿ ದೇಹವು ಮನೆ, ವ್ರತಶೀಲಗಳು ಸರಕು.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಂದರ್ಭವನ್ನು ಖಚಿತಪಡಿಸುತ್ತಾರೆ: ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಈ ನಾಲ್ಕು, ಅವೂ ಪ್ರತೀಕಾರವೇ ಇಲ್ಲದಂತಾದಾಗ, ಧರ್ಮಕ್ಕಾಗಿ ಮಾತ್ರ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಎರಡು ಕಡೆಯಿಂದಲೂ ಗೆರೆ ಎಳೆಯುತ್ತಾರೆ. ಕಷಾಯಗಳನ್ನು ಕ್ಷೀಣಗೊಳಿಸುತ್ತ ಬರುವ ಮರಣದಲ್ಲಿ ಆತ್ಮಘಾತವಿಲ್ಲ. ಕಷಾಯಾವೇಶದಿಂದ ಉಸಿರುಗಟ್ಟಿಯೋ, ನೀರು, ಬೆಂಕಿ, ವಿಷ, ಶಸ್ತ್ರಗಳಿಂದಲೋ ಪ್ರಾಣ ತೊರೆದವನದು ನಿಶ್ಚಯವಾಗಿ ಆತ್ಮಘಾತವೇ. ಈ ಎರಡನೆಯ ಮಾತು ಮೊದಲನೆಯದರಷ್ಟೇ ಮುಖ್ಯವಾದುದು. ಆಚಾರ್ಯರು ಸಲ್ಲೇಖನವನ್ನು ಸಮರ್ಥಿಸುವ ಭರದಲ್ಲಿ ಆತ್ಮಘಾತವನ್ನು ಎಲ್ಲಿಯೂ ಸಡಿಲಗೊಳಿಸಲಿಲ್ಲ.

ಶಬ್ದದ ವ್ಯುತ್ಪತ್ತಿಯೂ ಇದನ್ನೇ ಹೇಳುತ್ತದೆ. ಸಮ್ಯಕ್ಕಾಗಿ ಲೇಖನ ಮಾಡುವುದು, ಎಂದರೆ ಚೆನ್ನಾಗಿ ಕೃಶಗೊಳಿಸುವುದು ಸಲ್ಲೇಖನ. ಏನನ್ನು ಕೃಶಗೊಳಿಸಬೇಕು? ಹೊರಗೆ ಕಾಯವನ್ನು, ಒಳಗೆ ಕಷಾಯವನ್ನು. ಕಾಯ ಮಾತ್ರ ಕೃಶವಾಗಿ ಕಷಾಯ ಉಳಿದರೆ ಅದು ಬರಿಯ ಲಂಘನ. ಇನ್ನೂ ಗಮನಿಸತಕ್ಕ ಸಂಗತಿಯೆಂದರೆ, ತತ್ತ್ವಾರ್ಥಸೂತ್ರವು ಸಲ್ಲೇಖನಕ್ಕೆ ಹೇಳಿರುವ ಐದು ಅತಿಚಾರಗಳು: ಬದುಕಬೇಕೆಂಬ ಆಸೆ, ಸಾಯಬೇಕೆಂಬ ಆಸೆ, ಮಿತ್ರರ ಮೇಲಿನ ಅನುರಾಗ, ಹಿಂದಿನ ಸುಖಗಳ ಸ್ಮರಣೆ, ಮುಂದಿನ ಭೋಗದ ನಿದಾನ. ಬೇಗ ಸಾವು ಬರಲೆಂದು ಹಾರೈಸುವುದೇ ಈ ವ್ರತಕ್ಕೆ ಕಳಂಕ! ಶ್ನೈಡ್‌ಮನ್ನನ ಲಕ್ಷಣದಲ್ಲಿ ಪ್ರಜ್ಞೆಯ ಕೊನೆಯೇ ಗುರಿ. ಸಲ್ಲೇಖನದಲ್ಲಿ ಕೊನೆಯುಸಿರಿನವರೆಗೂ ಪ್ರಜ್ಞೆಯನ್ನು ನಿರ್ಮಲವಾಗಿ ಉಳಿಸಿಕೊಳ್ಳುವುದೇ ಗುರಿ. ಎರಡೂ ಲಕ್ಷಣಗಳು ಅಂತರಂಗವನ್ನೇ ನೋಡುವುದರಿಂದ ಅವುಗಳ ನಡುವಿನ ಅಂತರವು ಹೀಗೆ ಸ್ಪಷ್ಟವಾಗಿ ಕಾಣುತ್ತದೆ.

ಮರಣವೆಂದರೆ ಸಹಜ ಮತ್ತು ಆತ್ಮಕೃತ ಎಂಬ ಎರಡೇ ಬಗೆಯೆಂಬ ಭಾವನೆಯೂ ಆಗಮಕ್ಕೆ ಸಮ್ಮತವಲ್ಲ. ಶಿವಾರ್ಯರ ‘ಭಗವತೀ ಆರಾಧನೆ’ಯು ಹದಿನೇಳು ಬಗೆಯ ಮರಣಗಳನ್ನು ಹೇಳಿ, ಅವುಗಳಲ್ಲಿ ಪಂಡಿತಪಂಡಿತ, ಪಂಡಿತ, ಬಾಲಪಂಡಿತ, ಬಾಲ, ಬಾಲಬಾಲವೆಂಬ ಐದನ್ನು ಮುಖ್ಯವಾಗಿ ವಿವರಿಸುತ್ತದೆ. ವರ್ಗೀಕರಣಕ್ಕೆ ಆಧಾರ ಮರಣದ ಹೊರಗಿನ ಕಾರಣವಲ್ಲ, ಮಡಿಯುವವನ ಜ್ಞಾನ ಮತ್ತು ಚಾರಿತ್ರ. ಹದಿನೇಳು ಮನೆಗಳಿರುವ ಓಣಿಯನ್ನು ಎರಡೇ ಮನೆಯೆಂದು ಎಣಿಸಿದರೆ ಯಾರೋ ಕೆಲವರು ತಮ್ಮದಲ್ಲದ ಮನೆಯಲ್ಲಿ ಸಿಕ್ಕಿಕೊಳ್ಳಲೇಬೇಕು.

ಇತಿಹಾಸಕಾರನ ಕಣ್ಣು

ಶ್ರವಣಬೆಳ್ಗೊಳದ ಶಾಸನಗಳನ್ನು ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಅದು 500 ಆಯಿತು. ಚಿಕ್ಕಬೆಟ್ಟದ ಅತಿ ಪ್ರಾಚೀನ ಶಾಸನವನ್ನು ವಿದ್ವಾಂಸರು ಸುಮಾರು ಕ್ರಿ.ಶ. 600ರದೆಂದು ಎಣಿಸುತ್ತಾರೆ. ಈ ಶಾಸನಗಳಲ್ಲಿ ಸನ್ಯಸನ, ಸಮಾಧಿ, ಆರಾಧನೆ ಎಂಬ ಶಬ್ದಗಳು ಬರುತ್ತವೆ. ಇತಿಹಾಸಕಾರ ಷ. ಶೆಟ್ಟರ್ ಅವರು 1986 ಮತ್ತು 1990ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಎರಡು ಗ್ರಂಥಗಳಲ್ಲಿ ಈ ಪರಂಪರೆಯನ್ನು ವಿವರವಾಗಿ ಪರಿಶೀಲಿಸಿದರು. ಮೊದಲನೆಯದರ ಶೀರ್ಷಿಕೆ ಸಾವನ್ನು ಆಹ್ವಾನಿಸುವುದನ್ನು, ಎರಡನೆಯದು ಸಾವನ್ನು ಅರಸಿ ಹೋಗುವುದನ್ನು ಸೂಚಿಸುತ್ತದೆ. ಅವರಿಗಿಂತ ಮೊದಲು, 1976ರಲ್ಲಿ, ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆಗಿದ್ದ ಟಿ. ಕೆ. ತುಕೋಳ ಅವರು ಬರೆದ ಇಂಗ್ಲಿಷ್ ಗ್ರಂಥದ ಶೀರ್ಷಿಕೆಯೇ ಸಲ್ಲೇಖನ ಆತ್ಮಹತ್ಯೆಯಲ್ಲ ಎಂಬ ಪ್ರತಿಜ್ಞೆ. ಇತಿಹಾಸಕಾರನು ನಡೆದುದನ್ನು ವರ್ಣಿಸುತ್ತಾನೆ; ನ್ಯಾಯಾಧೀಶನು ನಿರ್ಣಯವನ್ನು ಕೊಡುತ್ತಾನೆ. ಶೀರ್ಷಿಕೆಗಳಲ್ಲಿಯೇ ಎರಡು ಶಾಸ್ತ್ರಗಳ ಸ್ವಭಾವ ಕಾಣುತ್ತದೆ.

ಒಂದೇ ಘಟನೆ ಬೇರೆ ಬೇರೆಯಾಗಿ ಕಾಣುವುದಕ್ಕೆ ಮಾಚಿಕಬ್ಬೆಯ ಪ್ರಸಂಗ ಸಾಕ್ಷಿ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿ 1131ರಲ್ಲಿ ಶಿವಗಂಗೆಯಲ್ಲಿ ಮಡಿದಳು. ಅನಂತರ ಅವಳ ತಾಯಿ ಮಾಚಿಕಬ್ಬೆ ಬೆಳ್ಗೊಳಕ್ಕೆ ಬಂದು, ಗುರುಗಳ ಸಮ್ಮುಖದಲ್ಲಿ ಸನ್ಯಸನವನ್ನು ಕೈಗೊಂಡು, ಒಂದು ತಿಂಗಳ ಉಪವಾಸದಿಂದ ದೇಹವನ್ನು ಬಿಟ್ಟಳೆಂದು ಅಲ್ಲಿಯ ಶಾಸನ ಹೇಳುತ್ತದೆ. ಸಮಾಜಶಾಸ್ತ್ರಜ್ಞನು ಇಲ್ಲಿ ಮಗಳನ್ನು ಕಳೆದುಕೊಂಡ ತಾಯಿಯ ಶೋಕವನ್ನು ಮೊದಲು ನೋಡುವನು. ಶಾಸನವು ಗುರುಸನ್ನಿಧಿಯನ್ನೂ ವಿಧಿಯನ್ನೂ ಧ್ಯಾನವನ್ನೂ ಮುಂದಿಡುತ್ತದೆ. ಶೋಕವಿದ್ದಿರಬಹುದೆಂದು ಒಪ್ಪಿದ ಮಾತ್ರಕ್ಕೆ ವ್ರತ ಸುಳ್ಳಾಗುವುದಿಲ್ಲ. ಒಂದು ತಿಂಗಳೆಂಬುದು ಸಣ್ಣ ಕಾಲವಲ್ಲ. ಶೋಕವು ವೈರಾಗ್ಯವಾಗಿ ಪರಿಣಮಿಸಿತೇ ಎಂಬುದನ್ನು ಹತ್ತಿರವಿದ್ದ ಗುರುಗಳು ಮಾತ್ರ ಬಲ್ಲರು. ಎಂಟುನೂರಕ್ಕೂ ಹೆಚ್ಚು ವರ್ಷಗಳ ಅನಂತರ ಕಲ್ಲನ್ನು ಓದುವವರು ಎರಡು ಕಡೆಗೂ ಆತುರದ ತೀರ್ಪನ್ನು ಕೊಡದಿರುವುದೇ ಅನೇಕಾಂತಕ್ಕೆ ಒಪ್ಪುವ ನಡೆ.

ನ್ಯಾಯಾಲಯದಲ್ಲಿ ಶಬ್ದ

ಕಾನೂನಿನ ವಿಷಯದಲ್ಲಿ ಒಂದು ವಿಚಿತ್ರವಿದೆ. 1860ರ ಭಾರತೀಯ ದಂಡ ಸಂಹಿತೆಯ 309ನೆಯ ಕಲಮು ಆತ್ಮಹತ್ಯೆಯ ಪ್ರಯತ್ನವನ್ನೂ, 306ನೆಯ ಕಲಮು ಅದಕ್ಕೆ ಪ್ರೇರಣೆ ನೀಡುವುದನ್ನೂ ಅಪರಾಧವೆಂದಿತು. ಆದರೆ ಆತ್ಮಹತ್ಯೆ ಎಂದರೇನೆಂದು ಆ ಸಂಹಿತೆ ಎಲ್ಲಿಯೂ ಲಕ್ಷಣ ಹೇಳಲಿಲ್ಲ. ಧರ್ಮಭೂಷಣ ಯತಿಗಳ ಮಾತಿನಲ್ಲಿ ಹೇಳುವುದಾದರೆ, ಉದ್ದೇಶವಿತ್ತು, ಲಕ್ಷಣನಿರ್ದೇಶವಿರಲಿಲ್ಲ, ಪರೀಕ್ಷೆಯನ್ನು ನ್ಯಾಯಾಲಯಗಳಿಗೆ ಬಿಡಲಾಗಿತ್ತು.

ಆ ಪರೀಕ್ಷೆ 2015ರ ಆಗಸ್ಟ್ 10ರಂದು ಸಮಾಜದ ಮನೆಬಾಗಿಲಿಗೆ ಬಂದಿತು. 2006ರಲ್ಲಿ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ಮೇಲೆ ರಾಜಸ್ಥಾನ ಉಚ್ಚ ನ್ಯಾಯಾಲಯವು, ಸಂಥಾರಾ ಅಥವಾ ಸಲ್ಲೇಖನವು ಜೈನಧರ್ಮದ ಅತ್ಯಾವಶ್ಯಕ ಅಂಗವೆಂದು ಸಿದ್ಧವಾಗಿಲ್ಲವೆಂದು ಹೇಳಿ, ಅದನ್ನು ಆತ್ಮಹತ್ಯೆಯಂತೆಯೇ ಪರಿಗಣಿಸಬೇಕೆಂದು ಆದೇಶಿಸಿತು. ಆಗಸ್ಟ್ 24ರಂದು ದೇಶದ ಊರೂರುಗಳಲ್ಲಿ ಜೈನ ಸಮಾಜವು ಮೌನವಾಗಿ ಬೀದಿಗೆ ಬಂದಿತು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು.

ಇಲ್ಲಿ ವಿವಾದಕ್ಕೆ ಸಿಕ್ಕಿದ ಶಬ್ದಗಳು ಎರಡು. ‘ಆತ್ಮಹತ್ಯೆ’ ಒಂದು, ‘ಅತ್ಯಾವಶ್ಯಕ’ ಇನ್ನೊಂದು. ಈ ಎರಡನೆಯದು 1954ರಲ್ಲಿ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ರೂಪಿಸಿದ ಪಾರಿಭಾಷಿಕ ವಿಚಾರ. ಒಂದು ಧರ್ಮದ ಅತ್ಯಾವಶ್ಯಕ ಭಾಗ ಯಾವುದೆಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕೆಂದು ಅಲ್ಲಿ ಹೇಳಲಾಗಿತ್ತು. ಜೈನಸಿದ್ಧಾಂತವಾದರೋ ಎಲ್ಲರಿಗೂ ಎಲ್ಲ ವ್ರತವನ್ನೂ ಕಡ್ಡಾಯ ಮಾಡುವುದಿಲ್ಲ. ಶಕ್ತಿಗೆ ತಕ್ಕಂತೆ ಏರುವ ಮೆಟ್ಟಿಲುಗಳನ್ನು ತೋರಿಸುತ್ತದೆ. ಕುಂದಕುಂದಾಚಾರ್ಯರು ಸಲ್ಲೇಖನವನ್ನು ನಾಲ್ಕನೆಯ ಶಿಕ್ಷಾವ್ರತವಾಗಿ ಎಣಿಸಿದರೆ, ತತ್ತ್ವಾರ್ಥಸೂತ್ರವು ಹನ್ನೆರಡು ವ್ರತಗಳ ಅನಂತರ ಅದನ್ನು ಬೇರೆಯಾಗಿ ಹೇಳುತ್ತದೆ. ಕಡ್ಡಾಯವಲ್ಲದ್ದು ಅತ್ಯಾವಶ್ಯಕವಲ್ಲವೆಂದು ತರ್ಕಿಸುವುದಾದರೆ ಮುನಿದೀಕ್ಷೆಯೂ ಅತ್ಯಾವಶ್ಯಕವಲ್ಲವೆನ್ನಬೇಕಾಗುತ್ತದೆ. ಶಿಖರವನ್ನು ಎಲ್ಲರೂ ಹತ್ತುವುದಿಲ್ಲ; ಆದರೆ ಅದನ್ನು ಕಿತ್ತುಹಾಕಿದರೆ ಬಸದಿ ಬಸದಿಯಾಗಿ ಉಳಿಯುವುದಿಲ್ಲ.

ಕಾನೂನು ತನ್ನ ಶಬ್ದಗಳನ್ನು ತಿದ್ದಿಕೊಳ್ಳುತ್ತಲೂ ಬಂದಿದೆ. 1994ರಲ್ಲಿ ಸರ್ವೋಚ್ಚ ನ್ಯಾಯಾಲಯವು 309ನೆಯ ಕಲಮನ್ನು ಅಸಿಂಧುಗೊಳಿಸಿತು. 1996ರಲ್ಲಿ ಐವರು ನ್ಯಾಯಾಧೀಶರ ಪೀಠವು ಆ ಅಭಿಪ್ರಾಯವನ್ನು ತಳ್ಳಿಹಾಕಿತು. ಆದರೂ ಮರಣ ಸನ್ನಿಹಿತವೂ ನಿಶ್ಚಿತವೂ ಆಗಿರುವಾಗ ಘನತೆಯಿಂದ ಮರಣಿಸುವುದು ಬೇರೆ, ಸಹಜ ಆಯುಸ್ಸನ್ನು ಅಸಹಜವಾಗಿ ಕತ್ತರಿಸುವುದು ಬೇರೆ ಎಂಬ ಗೆರೆಯನ್ನು ಎಳೆಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಆತ್ಮಹತ್ಯೆಗೆ ಪ್ರಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕೆಂದು ಹೇಳಿ ದಂಡಕ್ಕೆ ಬದಲು ಆರೈಕೆಯನ್ನು ಮುಂದಿಟ್ಟಿತು. 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯವು ಘನತೆಯಿಂದ ಮರಣಿಸುವ ಹಕ್ಕನ್ನು ಮಾನ್ಯಮಾಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ನೆಯ ಕಲಮಿನ ಹಳೆಯ ಸಾಮಾನ್ಯ ಅಪರಾಧ ಉಳಿದಿಲ್ಲ. ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಲು ಅಥವಾ ಅವನನ್ನು ಒತ್ತಾಯಪಡಿಸಲು ಮಾಡುವ ಪ್ರಯತ್ನಕ್ಕೆ ಮಾತ್ರ ಶಿಕ್ಷೆಯಿದೆ. ಪ್ರೇರಣೆಯ ಅಪರಾಧವಾದರೋ ಈಗಲೂ ಇದೆ. ವಕೀಲ ಮೊಮ್ಮಗನ ಕಳವಳ ಪೂರ್ಣವಾಗಿ ನಿರಾಧಾರವಲ್ಲ.

ಕಾಣದ ಭಾವಕ್ಕೆ ಕಾಣುವ ವಿಧಿ

ಇಷ್ಟು ವಿಚಾರದಿಂದ ಒಂದು ಕಠಿನ ಪ್ರಶ್ನೆ ಉಳಿಯುತ್ತದೆ. ದ್ರವ್ಯಹಿಂಸೆ, ಭಾವಹಿಂಸೆಗಳ ಭೇದವನ್ನು ಶ್ರಾವಕರೆಲ್ಲರೂ ಬಲ್ಲರು. ಅದರಂತೆಯೇ ಆಹಾರತ್ಯಾಗವು ದ್ರವ್ಯ, ಕಷಾಯತ್ಯಾಗವು ಭಾವ. ಡರ್ಖೀಮನೂ ರಾಜಸ್ಥಾನದ ತೀರ್ಪೂ ದ್ರವ್ಯವನ್ನು ನೋಡಿದರು. ಆಚಾರ್ಯರು ಭಾವವನ್ನು ನೋಡಿದರು. ಆದರೆ ಭಾವವನ್ನು ಪರರು ಹೇಗೆ ಅರಿಯಬೇಕು? ಅರಿಯಲಾಗದೆಂದ ಡರ್ಖೀಮನ ಮಾತಿಗೆ ಉತ್ತರವೇನು?

ಉತ್ತರವು ಆಗಮದ ವಿಧಿಯಲ್ಲಿಯೇ ಇದೆ. ಆಚಾರ್ಯರು ಭಾವವನ್ನು ಲಕ್ಷಣವಾಗಿಟ್ಟರೂ ಅದನ್ನು ವ್ಯಕ್ತಿಯ ಬರಿಯ ಮಾತಿಗೆ ಬಿಡಲಿಲ್ಲ. ನಿರ್ಯಾಪಕಾಚಾರ್ಯರ ಪರೀಕ್ಷೆ ಮತ್ತು ಅನುಮತಿ ಬೇಕು. ವೈರಸಂಬಂಧಗಳನ್ನು ಬಿಟ್ಟು ಎಲ್ಲರಲ್ಲಿಯೂ ಕ್ಷಮೆ ಬೇಡಬೇಕು, ಕ್ಷಮಿಸಬೇಕು. ತನ್ನ ದೋಷಗಳನ್ನು ಗುರುಗಳ ಮುಂದೆ ಆಲೋಚನೆ ಮಾಡಿಕೊಳ್ಳಬೇಕು. ಆಹಾರವನ್ನು ಒಮ್ಮೆಗೇ ಬಿಡುವಂತಿಲ್ಲ. ಮೊದಲು ಘನಾಹಾರ, ಅನಂತರ ಹಾಲು ಮುಂತಾದ ಪಾನೀಯ, ಅನಂತರ ಗಂಜಿ, ಬಿಸಿನೀರು ಎಂಬ ಕ್ರಮವಿದೆ. ‘ಭಗವತೀ ಆರಾಧನೆ’ಯು ಭಕ್ತಪ್ರತ್ಯಾಖ್ಯಾನಕ್ಕೆ ಹನ್ನೆರಡು ವರ್ಷಗಳವರೆಗಿನ ಅವಧಿಯನ್ನೂ, ಕ್ಷಪಕನ ಸೇವೆಗೆ ನಲವತ್ತೆಂಟು ನಿರ್ಯಾಪಕರನ್ನೂ ಹೇಳುತ್ತದೆ. ಹೊರಗಿನ ಪ್ರತಿಯೊಂದು ವಿಧಿಯೂ ಒಳಗಿನ ಒಂದೊಂದು ಕಷಾಯಕ್ಕೆ ಒರೆಗಲ್ಲು. ಕ್ಷಮಾಪಣೆಯಲ್ಲಿ ಕ್ರೋಧ, ಆಲೋಚನೆಯಲ್ಲಿ ಮಾನ ಮತ್ತು ಮಾಯೆ, ತ್ಯಾಗಕ್ರಮದಲ್ಲಿ ಲೋಭ ಪರೀಕ್ಷೆಗೆ ಒಳಗಾಗುತ್ತವೆ. ಗುರುಗಳು ಅಜ್ಜಿಯ ಬಳಿ ಬಹಳ ಹೊತ್ತು ಕುಳಿತು ಮಾತನಾಡಿದ್ದು ಈ ಪರೀಕ್ಷೆಗಾಗಿಯೇ. ನ್ಯಾಯಾಲಯಗಳೂ ಅಪರಾಧಿಯ ಮನಸ್ಸನ್ನು ಸಂದರ್ಭಗಳಿಂದ ಊಹಿಸಿಯೇ ನಿರ್ಣಯಿಸುತ್ತವೆ. ಆದುದರಿಂದ ಈ ಮಾರ್ಗ ನ್ಯಾಯಶಾಸ್ತ್ರಕ್ಕೆ ಪರಕೀಯವೇನೂ ಅಲ್ಲ.

ಶ್ರಾವಕ ಸಮಾಜದ ಹೊಣೆ

ಇಲ್ಲಿಗೆ ಬಂದಾಗ ವಾದವು ಹೊರಗಿನವರ ಕಡೆಯಿಂದ ಒಳಗಿನವರ ಕಡೆಗೆ ತಿರುಗುತ್ತದೆ. ಅನ್ಯರು ಸಲ್ಲೇಖನವನ್ನು ಆತ್ಮಹತ್ಯೆಯೆಂದಾಗ ಅತಿವ್ಯಾಪ್ತಿಯೆಂದು ಹೇಳುವ ಸಮಾಜವು, ತಾನೇ ಆ ಪವಿತ್ರ ಶಬ್ದವನ್ನು ಲಕ್ಷಣವಿಲ್ಲದ ಕಡೆ ಬಳಸಿದರೆ ಅದೂ ಅತಿವ್ಯಾಪ್ತಿಯೇ. ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿದವರ ಕಿವಿಯಲ್ಲಿ ಪ್ರತ್ಯಾಖ್ಯಾನವನ್ನು ಉಚ್ಚರಿಸಿ, ಅನಂತರ ಸಲ್ಲೇಖನಪೂರ್ವಕ ಸಮಾಧಿಯೆಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರೆ ಲಕ್ಷಣವೆಲ್ಲಿ ಉಳಿಯಿತು? ಅಂಥವರಿಗೆ ಪಂಚನಮಸ್ಕಾರವನ್ನು ಕೇಳಿಸುವುದು ಪುಣ್ಯಕಾರ್ಯ. ಅದನ್ನು ಅದರ ಹೆಸರಿನಿಂದಲೇ ಕರೆಯಬಹುದು. ಮಕ್ಕಳಿಗೆ ಭಾರವಾದೆನೆಂಬ ದುಃಖದಿಂದ ಊಟ ಬಿಟ್ಟ ವೃದ್ಧರ ಮನಸ್ಸಿನಲ್ಲಿರುವುದು ವೈರಾಗ್ಯವಲ್ಲ, ಆರ್ತಧ್ಯಾನ. ಅವರಿಗೆ ಬೇಕಾದದ್ದು ವ್ರತವಲ್ಲ, ಮನೆಯವರ ಪ್ರೀತಿ. ವ್ರತದ ಅರಿವೂ ಅಭ್ಯಾಸವೂ ಇಲ್ಲದ ಎಳೆಯ ಮಗುವಿನಲ್ಲಿ ಈ ಲಕ್ಷಣ ಹೊಂದುವ ಸಂಭವವೇ ಇಲ್ಲ. ಧರ್ಮಭೂಷಣ ಯತಿಗಳ ಮೂರನೆಯ ದೋಷವಾದ ಅಸಂಭವಕ್ಕೆ ಅದೇ ಉದಾಹರಣೆಯಾದೀತು.

ಬಸದಿಗಳ ಆಡಳಿತ ಮಂಡಲಿಗಳು ಇಲ್ಲಿ ಮಾಡಬಹುದಾದ ಕೆಲಸ ಬಹಳವಿದೆ. ವ್ರತವನ್ನು ಕೋರಿದವರ ರೋಗ ನಿಷ್ಪ್ರತೀಕಾರವೆಂಬ ವೈದ್ಯರ ಅಭಿಪ್ರಾಯವನ್ನು ಬರಹದಲ್ಲಿ ಪಡೆಯುವುದು. ಕೋರಿಕೆಯನ್ನು ಅವರ ಬಾಯಿಂದಲೇ, ಮನೆಯವರಿಲ್ಲದಾಗಲೂ ಒಮ್ಮೆ ಕೇಳಿ ತಿಳಿಯುವುದು. ವ್ರತವನ್ನು ಮುಂದುವರಿಸಲಾಗದವರಿಗೆ ಹಿಂದಿರುಗಲು ಸಂಕೋಚವಾಗದಂತೆ ನೋಡಿಕೊಳ್ಳುವುದು. ದರ್ಶನಕ್ಕೆ ಬರುವ ಜನಸಂದಣಿ, ಭಾವಚಿತ್ರ, ಕಾಣಿಕೆಗಳಿಂದ ಆ ಕೊಠಡಿಯನ್ನು ದೂರವಿಡುವುದು. ಇವು ಕಾನೂನಿಗೆ ಹೆದರಿ ಮಾಡುವ ಏರ್ಪಾಡುಗಳಲ್ಲ. ಬಹುಪಾಲು ಆಚಾರ್ಯರ ವಿಧಿಗಳನ್ನೇ ಇಂದಿನ ಮಾತಿನಲ್ಲಿ ಹೇಳಿದಂತೆ.

ಶಾಸ್ತ್ರಕ್ಕೊಂದು ಲಕ್ಷಣವಿರುವುದು ದೋಷವಲ್ಲ. ಅಂಕಿ ಎಣಿಸುವವನಿಗೂ, ರೋಗಿಯನ್ನು ಉಳಿಸುವವನಿಗೂ, ದಂಡ ವಿಧಿಸುವವನಿಗೂ, ಮೋಕ್ಷಮಾರ್ಗವನ್ನು ಬೋಧಿಸುವವನಿಗೂ ಒಂದೇ ಲಕ್ಷಣ ಸಾಲದು. ಯಾರು ಯಾವ ನಯದಿಂದ ಆಡುತ್ತಿದ್ದಾರೆಂಬುದನ್ನು ಕೇಳಿ ತಿಳಿದು, ಆ ನಯದ ಎಲ್ಲೆಯೊಳಗೆ ಅವರ ಮಾತಿಗೆ ಬೆಲೆ ಕೊಡುವುದು ಸ್ಯಾದ್ವಾದದ ಶಿಕ್ಷಣ. ಅದರ ಜೊತೆಗೆ ತನ್ನ ಶಬ್ದವನ್ನು ತನ್ನ ಲಕ್ಷಣಕ್ಕೆ ನಿಷ್ಠವಾಗಿ ಬಳಸುವುದು ಸತ್ಯವ್ರತದ ಶಿಕ್ಷಣ. ಸಲ್ಲೇಖನವನ್ನು ನ್ಯಾಯಾಲಯದಲ್ಲಿ ಕಾಪಾಡುವ ಕಾರ್ಯ ವಿದ್ವಾಂಸರಿಗೂ ವಕೀಲರಿಗೂ ಸೇರಿದ್ದು. ಅದನ್ನು ಮನೆಯಲ್ಲಿ, ಬಸದಿಯಲ್ಲಿ, ಅಚ್ಚು ಹಾಕಿಸುವ ಆಮಂತ್ರಣ ಪತ್ರಿಕೆಯಲ್ಲಿ ಶುದ್ಧವಾಗಿ ಉಳಿಸಿಕೊಳ್ಳುವ ಕಾರ್ಯ ಪ್ರತಿಯೊಬ್ಬ ಶ್ರಾವಕ-ಶ್ರಾವಿಕೆಗೂ ಸೇರಿದೆ.